ಹಿಡಕಲ್ ತುಂಬಿದಾಗ ಭೂಮಿ ಎಷ್ಟು ಅಲುಗುತ್ತದೆ?



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ಉಪನ್ಯಾಸಕಾರನಿಗೆ ಎರಡು ಕಟ್ಟಳೆ ಹಾಕಿದ್ದಾರೆ. ವಿಜ್ಞಾನದ ವಿಷಯವನ್ನು ಕನ್ನಡದಲ್ಲಿ ಹೇಳಬೇಕು. ಲೆಕ್ಕ ಬಂದ ಕಡೆ ಲೆಕ್ಕವನ್ನು ಹಾರಿಸಿ ಹೋಗಬಾರದು. ಮೊದಲನೆಯದು ನನಗೆ ಸುಲಭ. ಎರಡನೆಯದನ್ನು ಪಾಲಿಸುವಾಗ ನೀವು ಸ್ವಲ್ಪ ತಾಳಿಕೊಳ್ಳಬೇಕಾದೀತು.

ಮನುಷ್ಯ ಏನಾದರೂ ಮಾಡಿ ಒಂದು ಗ್ರಹವನ್ನು ಅದರ ಕಕ್ಷೆಯಿಂದ ಸರಿಸಬಲ್ಲನೇ? ಇದು ಇವತ್ತಿನ ವಿಷಯ. ಸಂಘಟಕರು ಇದನ್ನು ಸೂಚಿಸಿದಾಗ ಇಷ್ಟು ದೂರದ ಮಾತು ಘಟಪ್ರಭೆಯ ದಂಡೆಯಲ್ಲಿ ಯಾಕೆ ಎನ್ನಿಸಿತು. ಆದರೆ ಇದೇ ಪ್ರಶ್ನೆ ಇಲ್ಲಿಯ ಶಾಲೆಗಳಲ್ಲಿ ಬೇರೆ ರೂಪದಲ್ಲಿ ಯಾವಾಗಲೂ ಇದೆ. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂದು, ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಓಣಿಗಳಲ್ಲಿ ನೀರು ನಿಂತದ್ದನ್ನು ಕಂಡ ಮಕ್ಕಳು ಇವತ್ತು ಕಾಲೇಜಿನಲ್ಲಿದ್ದಾರೆ. ಅವರು ಕೇಳುವುದು ಹೀಗೆ: "ಸರ್, ಇಷ್ಟು ನೀರು ಒಂದ ಕಡೆ ತಡದು ನಿಂದರಿಸಿದ್ರ ಭೂಮಿ ವಾಲೂದಿಲ್ಲೇನ್ರಿ?" ಪ್ರಶ್ನೆ ಕೇಳಿದವರನ್ನು ನಕ್ಕು ಕೂರಿಸುವ ಶಿಕ್ಷಕರಿದ್ದಾರೆ. ನಗುವಂಥದ್ದು ಅದರಲ್ಲಿ ಏನೂ ಇಲ್ಲ. ಉತ್ತರ "ವಾಲುತ್ತದೆ" ಎಂದೇ ಇದೆ. ಎಷ್ಟು ಎನ್ನುವುದಷ್ಟೇ ಮಾತು.

ಹಿರಿಯರಿಗೆ 1962ರ ಫೆಬ್ರವರಿಯ ಮೊದಲ ವಾರ ನೆನಪಿರಬಹುದು. ಮಕರ ರಾಶಿಯಲ್ಲಿ ಅಷ್ಟಗ್ರಹಗಳು ಕೂಡುತ್ತವೆ, ಪ್ರಳಯವಾಗುತ್ತದೆ ಎಂದು ದೇಶವೇ ಹೆದರಿತ್ತು. ಊರೂರಲ್ಲಿ ಹೋಮ, ಯಜ್ಞ, ಅಖಂಡ ಭಜನೆ. ಆಗಿನ ಭಯ, ಗ್ರಹಗಳು ನಮ್ಮನ್ನು ಏನು ಮಾಡಿಬಿಡುತ್ತವೋ ಎಂಬುದು. ಅರವತ್ತು ವರ್ಷಗಳಲ್ಲಿ ಅದು ತಿರುವುಮುರುವಾಗಿದೆ. ಈಗ ನಾವು ಗ್ರಹವನ್ನು ಏನು ಮಾಡಿಬಿಡುತ್ತೇವೋ ಎಂದು ಕೇಳುತ್ತಿದ್ದೇವೆ. ಕೇಳುವವರ ಆತ್ಮವಿಶ್ವಾಸ ಹೆಚ್ಚಿದೆ ಎಂದು ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯದು.

ಮೊದಲು ಎರಡು ವಿಷಯಗಳನ್ನು ಬೇರೆ ಮಾಡಿಕೊಳ್ಳೋಣ, ಏಕೆಂದರೆ ಪತ್ರಿಕೆಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಒಂದು, ಅದು ಕಕ್ಷೆ. ಭೂಮಿ ತನ್ನ ಅಕ್ಷದ ಮೇಲೆ ತಾನೇ ತಿರುಗುವುದು ಇನ್ನೊಂದು. ಒಂದು ಅಣೆಕಟ್ಟಿನಿಂದ ಭೂಮಿ ಅಲುಗಿತು ಎಂಬ ಸುದ್ದಿ ಓದಿದರೆ, ಅದು ಯಾವಾಗಲೂ ಎರಡನೆಯದರ ಸುದ್ದಿ. ಕಕ್ಷೆಗೂ ಅದಕ್ಕೂ ಸಂಬಂಧವಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ಇವತ್ತಿನ ಉಪನ್ಯಾಸದ ಮುಖ್ಯ ಸಂಗತಿ.

ಕಕ್ಷೆಯನ್ನು ನೋಡೋಣ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಆ ವೇಗದಲ್ಲಿ ಬೆಳಗಾವಿಯಿಂದ ಇಲ್ಲಿಗೆ ಎರಡು ಸೆಕೆಂಡಿನ ದಾರಿ. ಭೂಮಿಯ ರಾಶಿ ಕಿಲೋಗ್ರಾಂ ಲೆಕ್ಕದಲ್ಲಿ 6ರ ಮುಂದೆ 24 ಸೊನ್ನೆ. ಈ ರಾಶಿ, ಈ ವೇಗ ಎರಡೂ ಸೇರಿ ಅದರಲ್ಲಿರುವ ಚಲನಶಕ್ತಿಯನ್ನು ಲೆಕ್ಕ ಹಾಕಿ, ಇಡೀ ಮನುಕುಲ ಈಗ ಒಂದು ವರ್ಷದಲ್ಲಿ ಬಳಸುವ ಎಲ್ಲ ಶಕ್ತಿಯಿಂದ, ಅಂದರೆ ಕಲ್ಲಿದ್ದಲು, ಎಣ್ಣೆ, ಅನಿಲ, ವಿದ್ಯುತ್ತು ಎಲ್ಲ ಕೂಡಿಸಿದ್ದರಿಂದ ಭಾಗಿಸಿದರೆ ಸುಮಾರು ನಾಲ್ಕು ಲಕ್ಷ ಕೋಟಿ ವರ್ಷ ಬರುತ್ತದೆ. ಸೂರ್ಯನಿಗೆ ಈಗ ಆಗಿರುವ ವಯಸ್ಸು 460 ಕೋಟಿ. 1961ರ ಅಕ್ಟೋಬರ್ 30ರಂದು ಸೋವಿಯತ್ ದೇಶ ಸಿಡಿಸಿದ, ಇದುವರೆಗಿನ ಅತಿ ದೊಡ್ಡ ಹೈಡ್ರೋಜನ್ ಬಾಂಬು ಸುಮಾರು 50 ಮೆಗಾಟನ್ನಿನದು. ಅಂಥವು ಎಷ್ಟು ಬೇಕು ಎಂದರೆ 1ರ ಮುಂದೆ 16 ಸೊನ್ನೆ.

ಆದರೆ ಶಕ್ತಿಯ ಕೊರತೆ ಮುಖ್ಯ ಅಡ್ಡಿಯಲ್ಲ. ಅಷ್ಟು ಬಾಂಬು ಇದ್ದರೂ ನೆಲದ ಮೇಲೆ ಸಿಡಿಸಿ ಪ್ರಯೋಜನವಿಲ್ಲ. ಸುಗ್ಗಿಯಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಸಾಲುಗಟ್ಟಿ ನಿಂತ ಕಬ್ಬಿನ ಟ್ರಾಲಿಗಳನ್ನು ನೋಡಿದ್ದೀರಿ. ಒಂದು ಟ್ರಾಲಿಯ ಹೇರಿನ ಮೇಲೆ ಹತ್ತಿ ಕೂತು, ಮುಂದಿನ ಕಬ್ಬಿನ ಕಟ್ಟನ್ನು ಎರಡೂ ಕೈಯಿಂದ ಎಷ್ಟು ತಳ್ಳಿದರೂ ಟ್ರಾಲಿ ಮುಂದೆ ಹೋಗುವುದಿಲ್ಲ. ತಳ್ಳಿದವನೂ ಅದರ ಮೇಲೇ ಇದ್ದಾನೆ. ಟ್ರಾಲಿ ಸರಿಯಬೇಕಾದರೆ ಒಂದೋ ಹೊರಗಿನಿಂದ ಟ್ರ್ಯಾಕ್ಟರ್ ಎಳೆಯಬೇಕು, ಇಲ್ಲವೇ ಮೇಲಿರುವವನು ಕಬ್ಬನ್ನು ಹಿಂದಕ್ಕೆ, ಟ್ರಾಲಿಯ ಹೊರಕ್ಕೆ ಎಸೆಯಬೇಕು. ನ್ಯೂಟನ್‌ನ ನಿಯಮ ಇಷ್ಟೇ: ಒಳಗಿನ ಬಲಗಳು ಒಟ್ಟು ಸಂವೇಗವನ್ನು ಬದಲಿಸಲಾರವು.

ಗೋಕಾಕ ಜಲಪಾತವನ್ನೇ ತೆಗೆದುಕೊಳ್ಳಿ. ನೀರು 52 ಮೀಟರ್ ಕೆಳಗೆ ಬೀಳುತ್ತದೆ. ಭೂಮಿ ನೀರನ್ನು ಎಳೆಯುತ್ತದೆ ಎಂದು ನಾವು ಓದುತ್ತೇವೆ. ನೀರೂ ಭೂಮಿಯನ್ನು ಎಳೆಯುತ್ತದೆ ಎನ್ನುವುದನ್ನು ಮರೆಯುತ್ತೇವೆ. ನೀರು ಕೆಳಗೆ ಬರುವಾಗ ಭೂಮಿ ಅದನ್ನು ಎದುರುಗೊಳ್ಳಲು ಮೇಲೆ ಬರುತ್ತದೆ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ 51 ಟಿಎಂಸಿ ನೀರಷ್ಟನ್ನೂ ಒಂದೇ ಏಟಿಗೆ ಆ ಕಲ್ಲುಗೋಡೆಯ ಮೇಲಿಂದ ಕೆಡವಿದರೂ ಭೂಮಿ ಮೇಲೆ ಬರುವುದು ಒಂದು ಪರಮಾಣುವಿನ ಅಗಲದ ಸುಮಾರು ಹತ್ತನೇ ಒಂದು ಪಾಲು. ಇಷ್ಟಾದರೂ ಬಂತಲ್ಲ ಎನ್ನಬೇಡಿ. ನೀರು ಮತ್ತು ಭೂಮಿ ಎರಡನ್ನೂ ಕೂಡಿಸಿ ಹಿಡಿದ ದ್ರವ್ಯಕೇಂದ್ರ ಕೂದಲೆಳೆಯಷ್ಟೂ ಸರಿದಿರುವುದಿಲ್ಲ, ಮತ್ತು ಸೂರ್ಯನನ್ನು ಸುತ್ತುತ್ತಿರುವುದು ಆ ಕೇಂದ್ರ. ಅದೇ ನೀರು 1887ರಿಂದ ಗೋಕಾಕ ಮಿಲ್ಲಿನ ಯಂತ್ರಗಳನ್ನು ತಿರುಗಿಸಿದೆ. ಭೂಮಿಯ ಕಕ್ಷೆಯನ್ನು ತಿರುಗಿಸಲು ಅದರಿಂದ ಆಗಿಲ್ಲ, ಆಗುವುದೂ ಇಲ್ಲ. ಜಗತ್ತಿನ 800 ಕೋಟಿ ಜನ ಒಂದೇ ಕಡೆ ನಿಂತು ಒಂದೇ ಸಲ ಜಿಗಿದರೆ ಏನಾಗುತ್ತದೆ ಎಂಬ ಜನಪ್ರಿಯ ಪ್ರಶ್ನೆಗೂ ಇದೇ ಉತ್ತರ. ಎಲ್ಲರೂ ಮತ್ತೆ ಕೆಳಗೆ ಬೀಳುತ್ತಾರೆ, ಲೆಕ್ಕ ಮುಗಿಯಿತು.

ಹಾಗಾದರೆ ಹೊರಗಿನಿಂದ ಎಳೆಯುವವರು ಇಲ್ಲದಾಗ ಕಕ್ಷೆಯನ್ನು ಮುಟ್ಟುವ ದಾರಿ ಒಂದೇ: ಭೂಮಿಯಿಂದ ಏನನ್ನಾದರೂ ಹೊರಗೆ, ಮತ್ತೆ ಬಾರದ ಹಾಗೆ, ಎಸೆಯುವುದು. ಇದನ್ನು ನಾವು ಮಾಡಿದ್ದೇವೆ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ಮಂಗಳಯಾನ ಕೆಲವು ವಾರ ಭೂಮಿಯನ್ನೇ ಸುತ್ತುತ್ತ ಮೇಲೇರಿ, ಡಿಸೆಂಬರ್ 1ರಂದು ಭೂಮಿಯ ಹಿಡಿತ ಬಿಟ್ಟು ಹೋಗುವ ದಾರಿ ಹಿಡಿಯಿತು. ಅದನ್ನು ನಡೆಸಿದವರು ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಲ್ಲಿ ಕೂತವರು. ಅದರ ದನಿ ಕೇಳಿದ್ದು ರಾಮನಗರದ ಕಡೆಯ ಬ್ಯಾಲಾಳು ಊರಿನ ದೊಡ್ಡ ಆಂಟೆನಾ. ನೌಕೆಯನ್ನು ಒಂದು ಟನ್ನಿನದು, ಭೂಮಿಯನ್ನು ಬಿಟ್ಟ ವೇಗ ಸೆಕೆಂಡಿಗೆ 3 ಕಿಲೋಮೀಟರ್ ಎಂದು ಸ್ಥೂಲವಾಗಿ ಹಿಡಿಯಿರಿ. ಭೂಮಿ ಹಿಂದಕ್ಕೆ ಒದೆ ತಿಂದಿರಲೇಬೇಕು. ಆ ಒದೆಯ ಫಲವಾಗಿ ಭೂಮಿ ಒಂದು ವರ್ಷದಲ್ಲಿ ಸರಿಯುವ ದೂರ, ನನ್ನ ಲೆಕ್ಕದಲ್ಲಿ, ಒಂದು ಪರಮಾಣುವಿನ ಅಗಲದ ಆರನೇ ಒಂದು ಪಾಲು. ಆದರೆ ಜಲಪಾತದ ಅಂಕಿಗೂ ಇದಕ್ಕೂ ಒಂದು ಭೇದವಿದೆ. ಅಲ್ಲಿ ಹೋದದ್ದು ವಾಪಸು ಬರುತ್ತದೆ. ಇದು ಬರುವುದಿಲ್ಲ. ಹಾಗಾಗಿ ಪ್ರಶ್ನೆಗೆ ನೇರ ಉತ್ತರ ಕೇಳಿದರೆ "ಹೌದು, ಸರಿಸಿದ್ದೇವೆ" ಎಂದೇ ಹೇಳಬೇಕು. ಅಳೆಯುವ ಕೋಲು ಮಾತ್ರ ಯಾರ ಹತ್ತಿರವೂ ಇಲ್ಲ.

ಗುರು ಗ್ರಹದ್ದೂ ಇಂಥದೇ ಕಥೆ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳು 1979ರಲ್ಲಿ ಗುರುವಿನ ಪಕ್ಕದಲ್ಲಿ ಹಾಯ್ದು, ಅದರ ಓಟದಿಂದ ಒಂದಿಷ್ಟು ವೇಗವನ್ನು ಕಡ ತೆಗೆದುಕೊಂಡು ಮುಂದೆ ಹೋದವು. ಕಡ ಎಂದೆ, ತೀರಿಸುವ ಮಾತಿಲ್ಲದ ಕಡ. ಇದರಿಂದ ಗುರು ಎಷ್ಟು ಹಿಂದೆ ಬಿತ್ತು ಎಂದರೆ ಲಕ್ಷ ಕೋಟಿ ವರ್ಷಕ್ಕೆ ಸುಮಾರು ಒಂದು ಅಡಿ ಎಂದು ನಾಸಾದ ಅಂದಾಜು.

ಅಳೆದು ನೋಡಿದ ಒಂದು ಪ್ರಕರಣ ಇದೆ. ಅದರ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಇನ್ನೂ ಹೆಚ್ಚು ಹೇಳಬೇಕು ಎಂದು ನನಗೆ ಅನ್ನಿಸುತ್ತದೆ. ಡಿಡಿಮೊಸ್ ಎಂಬ ಕ್ಷುದ್ರಗ್ರಹ ಸುಮಾರು ಮುಕ್ಕಾಲು ಕಿಲೋಮೀಟರ್ ಅಗಲದ್ದು. ಅದನ್ನು ಸುತ್ತುವ ಮರಿ, ಡಿಮಾರ್ಫಸ್, ಸುಮಾರು 160 ಮೀಟರಿನದು. ಮರಿ ತಾಯಿಯನ್ನು ಒಂದು ಸುತ್ತು ಹಾಕಲು 11 ಗಂಟೆ 55 ನಿಮಿಷ ತೆಗೆದುಕೊಳ್ಳುತ್ತಿತ್ತು. 2022ರ ಸೆಪ್ಟೆಂಬರ್ 26ರಂದು, ನಮಗೆ ಮರುದಿನ ನಸುಕಿನಲ್ಲಿ, ನಾಸಾದ ಡಾರ್ಟ್ ಎಂಬ ಅರ್ಧ ಟನ್ನಿಗಿಂತ ಸ್ವಲ್ಪ ಹೆಚ್ಚು ತೂಕದ ನೌಕೆ ಸೆಕೆಂಡಿಗೆ 6 ಕಿಲೋಮೀಟರ್ ವೇಗದಲ್ಲಿ ಹೋಗಿ ಬೇಕೆಂದೇ ಅದಕ್ಕೆ ಗುದ್ದಿತು. ಸುತ್ತಿನ ಕಾಲ 73 ಸೆಕೆಂಡು ಕಡಿಮೆಯಾದರೂ ಸಾಕು, ಯಶಸ್ಸು ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಕಡಿಮೆಯಾದದ್ದು ಸುಮಾರು 33 ನಿಮಿಷ. ಕಾರಣ ನೌಕೆಯ ಗುದ್ದು ಒಂದೇ ಅಲ್ಲ. ಗುದ್ದಿದ ಜಾಗದಿಂದ ಪುಡಿ, ಕಲ್ಲು, ಹರಳು ಹಿಂದಕ್ಕೆ ಚಿಮ್ಮಿದವು, ಆ ಚಿಮ್ಮುವಿಕೆ ಡಿಮಾರ್ಫಸ್ಸನ್ನು ನೌಕೆ ತಳ್ಳಿದ ದಿಕ್ಕಿಗೇ ಇನ್ನಷ್ಟು ಒದೆಯಿತು. ಒಟ್ಟು ಒದೆ ನೌಕೆ ಕೊಟ್ಟದ್ದರ ಸುಮಾರು ಮೂರೂವರೆ ಪಟ್ಟು. ಹೊರಗಿನಿಂದ ಬಂದ ಬಲ, ಹೊರಕ್ಕೆ ಎಸೆದ ದ್ರವ್ಯ, ಎರಡೂ ಅಲ್ಲಿ ಒಟ್ಟಿಗೆ ಸಿಕ್ಕವು. ಮನುಷ್ಯ ಒಂದು ಆಕಾಶಕಾಯದ ಕಕ್ಷೆಯನ್ನು ಉದ್ದೇಶಪೂರ್ವಕವಾಗಿ, ಅಳತೆಗೆ ಸಿಗುವಷ್ಟು ಬದಲಿಸಿದ್ದು ಅದೇ ಮೊದಲು. ಆ ಗಾಯವನ್ನು ಹತ್ತಿರದಿಂದ ನೋಡಲು ಯುರೋಪಿನ ಹೇರಾ ನೌಕೆ 2024ರ ಅಕ್ಟೋಬರಿನಲ್ಲಿ ಹೊರಟಿತು. ಗ್ರಹಕ್ಕೂ ಈ ಮರಿಗೂ ಹೋಲಿಕೆ ಎಲ್ಲಿ ಎಂದರೆ, ಇಲ್ಲ. ಗೋಕಾಕದ ಸುತ್ತಲಿನ ಒಂದು ಗುಡ್ಡದ ತುಣುಕು ಅದು.

ಈಗ ನಮ್ಮ ಹುಡುಗರ ಪ್ರಶ್ನೆಗೆ, ಭೂಮಿ ವಾಲುವ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಆಟದ ನಿಯಮವೇ ಬೇರೆ. ಕಕ್ಷೆಯನ್ನು ಒಳಗಿನಿಂದ ಮುಟ್ಟಲಾಗದು, ತಿರುಗುವಿಕೆಯನ್ನು ಮುಟ್ಟಬಹುದು. ತಿರುಗುವ ವಸ್ತುವಿನ ಒಳಗೆ ತೂಕವನ್ನು ಅಕ್ಷದಿಂದ ದೂರ ಸರಿಸಿದರೆ ಅದು ನಿಧಾನವಾಗುತ್ತದೆ, ಅಕ್ಷಕ್ಕೆ ಹತ್ತಿರ ತಂದರೆ ಬೇಗ ತಿರುಗುತ್ತದೆ. ತೂಕವನ್ನು ಒಂದು ಬದಿಗೆ ಹೇರಿದರೆ ಅಕ್ಷ ಹಾಯುವ ಜಾಗವೇ ಸರಿಯುತ್ತದೆ. ಹೊರಗಿನ ಟ್ರ್ಯಾಕ್ಟರ್ ಬೇಡ.

ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯ ತುಂಬಿದಾಗ 51 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಟನ್ನಿಗೆ ತಂದರೆ ಒಟ್ಟು ಸುಮಾರು 144 ಕೋಟಿ ಟನ್ ನೀರು. ಕಡಲಿನಿಂದ ಆವಿಯಾಗಿ ಎದ್ದು, ಸಹ್ಯಾದ್ರಿಯ ಮೇಲೆ ಮಳೆಯಾಗಿ, ಹುಕ್ಕೇರಿಯಲ್ಲಿ ಸಮುದ್ರಮಟ್ಟದಿಂದ 2175 ಅಡಿ ಎತ್ತರದವರೆಗೆ ತುಂಬಿ ನಿಂತ ನೀರು. ಆ ಎತ್ತರದಿಂದ ಏನಾದರೂ ಆಗುತ್ತದೆಯೇ? ಏನೂ ಇಲ್ಲವೆನ್ನುವಷ್ಟು ಕಡಿಮೆ. ಭೂಮಿಯ ತ್ರಿಜ್ಯ 6371 ಕಿಲೋಮೀಟರ್ ಇರುವಾಗ ಅರ್ಧ ಕಿಲೋಮೀಟರ್ ಚಿಲ್ಲರೆ ಲೆಕ್ಕಕ್ಕಿಲ್ಲ. ಕೆಲಸ ಮಾಡುವುದು ಅಕ್ಷಾಂಶ. ಕಡಲಿನ ನೀರು ಧ್ರುವದಿಂದ ಸಮಭಾಜಕದವರೆಗೆ ಹರಡಿಕೊಂಡಿದೆ. ಅದರಲ್ಲಿ ಒಂದು ಪಾಲನ್ನು ಎತ್ತಿ ತಂದು ಸಮಭಾಜಕದ ಹತ್ತಿರ ಇಟ್ಟರೆ ಸರಾಸರಿಯಲ್ಲಿ ಅಕ್ಷದಿಂದ ದೂರ ಒಯ್ದಂತೆ, ಧ್ರುವದ ಕಡೆ ಇಟ್ಟರೆ ಹತ್ತಿರ ತಂದಂತೆ. ಎರಡರ ನಡುವಿನ ಗಡಿ ಸುಮಾರು 35 ಡಿಗ್ರಿ. ಹಿಡಕಲ್ ಇರುವುದು 16 ಡಿಗ್ರಿಯಲ್ಲಿ. ಆದ್ದರಿಂದ ಹಿಡಕಲ್ ತುಂಬಿದರೆ ದಿನ ಉದ್ದವಾಗುತ್ತದೆ. ಅಮೆರಿಕದ, ಕೆನಡಾದ, ರಷ್ಯಾದ ಉತ್ತರದ ಜಲಾಶಯಗಳು ತುಂಬಿದರೆ ದಿನ ಚಿಕ್ಕದಾಗುತ್ತದೆ.

ಎಷ್ಟು ಉದ್ದ? ನೆಲ ಭಾರಕ್ಕೆ ಕುಸಿಯುವುದನ್ನು ಬಿಟ್ಟು, ಸ್ಥೂಲವಾಗಿ ನಾನು ಹಾಕಿದ ಲೆಕ್ಕ ಇದು: ಒಂದು ಸೆಕೆಂಡನ್ನು ಹತ್ತು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದೂವರೆ ಭಾಗ. ಧ್ರುವ ಸರಿಯುವುದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಲೆಕ್ಕ ಸರಿಯೇ ಎಂದು ತಾಳೆ ನೋಡಲು ಚೀನಾದ ಮೂರು ಕಮರಿಗಳ ಅಣೆಕಟ್ಟು ಇದೆ. ಅದರಲ್ಲಿ 40 ಘನ ಕಿಲೋಮೀಟರ್ ನೀರು. ದಿನ 0.06 ಮೈಕ್ರೊಸೆಕೆಂಡ್ ಉದ್ದವಾದೀತು, ಧ್ರುವ ಸುಮಾರು 2 ಸೆಂಟಿಮೀಟರ್ ಸರಿದೀತು ಎಂದು ನಾಸಾದಲ್ಲಿದ್ದ ಬೆಂಜಮಿನ್ ಫಾಂಗ್ ಚಾವೊ ಲೆಕ್ಕ ಹಾಕಿದ್ದರು. ಹಿಡಕಲ್ಲಿಗೆ ಬಳಸಿದ ನನ್ನ ಸೂತ್ರವನ್ನೇ ಅಲ್ಲಿಗೆ ಹಾಕಿದಾಗ ಧ್ರುವದ ಅಂಕಿ ಅಲ್ಲಲ್ಲಿಗೆ ಬರುತ್ತದೆ; ದಿನದ ಅಂಕಿ ಅವರದಕ್ಕಿಂತ ಹೆಚ್ಚು ಬರುತ್ತದೆ. ಆ ಅಣೆಕಟ್ಟು 35 ಡಿಗ್ರಿಯ ಗಡಿಗೆ ಹತ್ತಿರ ಇರುವುದರಿಂದ ಸಣ್ಣ ತಿದ್ದುಪಡಿಯೂ ಅಲ್ಲಿ ದೊಡ್ಡದಾಗುತ್ತದೆ.

ಹಿಡಕಲ್ಲಿನ ಈ ಅರ್ಧ ಮಿಲಿಮೀಟರನ್ನು ಯಾವ ಉಪಕರಣವೂ ಬೇರೆ ಮಾಡಿ ತೋರಿಸಲಾರದು. ಭೂಮಿಯ ಧ್ರುವ ತನ್ನಷ್ಟಕ್ಕೆ ತಾನೇ ಹಲವು ಮೀಟರ್ ಅಗಲದ ಸುತ್ತಿನಲ್ಲಿ ತೊಯ್ದಾಡುತ್ತಲೇ ಇರುತ್ತದೆ. ಗಾಳಿಯ ಬೀಸಿನಿಂದ ದಿನದ ಉದ್ದ ಋತುವಿನಿಂದ ಋತುವಿಗೆ ಹಿಡಕಲ್ ಮಾಡುವ ಬದಲಾವಣೆಯ ಸಾವಿರಾರು ಪಟ್ಟು ಏರಿಳಿಯುತ್ತದೆ. ಇನ್ನೊಂದು ಮಾತು. ಧ್ರುವ ಸರಿಯಿತು ಎಂದರೆ ನೆಲದ ಮೇಲೆ ಅಕ್ಷ ಹಾಯುವ ಬಿಂದು ಸರಿಯಿತು ಎಂದು ಮಾತ್ರ ಅರ್ಥ. ಬೇಸಿಗೆ, ಮಳೆಗಾಲ ಅದಲುಬದಲಾಗುವುದಿಲ್ಲ, ಪಂಚಾಂಗದವರು ಚಿಂತಿಸಬೇಕಿಲ್ಲ. ಅಣೆಕಟ್ಟಿನ ಬಗ್ಗೆ ಹೆದರುವುದಿದ್ದರೆ ಹೆದರಬೇಕಾದದ್ದು ಹತ್ತಿರದ ನೆಲದ ಬಗ್ಗೆ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಆದ ಭೂಕಂಪವನ್ನು ಜಲಾಶಯದ ನೀರು ಕೆರಳಿಸಿತು ಎಂದು ವಿಜ್ಞಾನಿಗಳು ಒಪ್ಪುತ್ತಾರೆ.

ಒಂದೊಂದೇ ಅಣೆಕಟ್ಟು ಏನೂ ಅಲ್ಲದಿರಬಹುದು, ಎಲ್ಲ ಕೂಡಿಸಿದರೆ? ಈ ಲೆಕ್ಕವನ್ನು ಹಾರ್ವರ್ಡಿನ ನತಾಶಾ ವ್ಯಾಲೆನ್ಸಿಕ್ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದರು. 1835ರಿಂದ 2011ರವರೆಗೆ ಕಟ್ಟಿದ 6,862 ಅಣೆಕಟ್ಟುಗಳು ಸೇರಿ ಧ್ರುವವನ್ನು ಸುಮಾರು 1.1 ಮೀಟರ್ ನಡೆಸಿವೆ. ನೇರವಾಗಿ ಅಲ್ಲ. ಮೊದಲು ಅಮೆರಿಕ, ಯುರೋಪಿನವರು ಕಟ್ಟಿದಾಗ ಒಂದು ದಿಕ್ಕಿಗೆ, 1950ರ ದಶಕದ ನಂತರ ನಾವು ಏಷ್ಯಾದವರು, ಆಫ್ರಿಕಾದವರು ಕಟ್ಟತೊಡಗಿದಾಗ ಇನ್ನೊಂದು ದಿಕ್ಕಿಗೆ. ತೂಕ ಹೇರಿದ ಕಡೆಯಿಂದ ಧ್ರುವ ದೂರ ಸರಿಯುತ್ತದೆ. ಯಾವ ಖಂಡ ಯಾವಾಗ ಕಾಂಕ್ರೀಟು ಸುರಿಯಿತು ಎಂಬ ಚರಿತ್ರೆಯನ್ನು ಧ್ರುವದ ಹೆಜ್ಜೆಯಲ್ಲಿ ಓದಬಹುದು ಎನ್ನುವುದು ನನಗೆ ಈ ವಿಷಯದಲ್ಲಿ ಸಿಕ್ಕ ಅತಿ ರುಚಿಯ ಸಂಗತಿ.

ಅಣೆಕಟ್ಟಿನ ಎದುರು ಬದಿಗೆ ಬೋರುಗಳಿವೆ. ನೆಲದಡಿಯ ನೀರನ್ನು ಎತ್ತಿ ಹೊಲಕ್ಕೆ ಬಿಟ್ಟರೆ ಅದು ಆವಿಯಾಗಿ, ಹರಿದು, ಕೊನೆಗೆ ಬಹುಪಾಲು ಕಡಲು ಸೇರುತ್ತದೆ. ತೂಕ ಇಳಿದ ಕಡೆಗೆ ಧ್ರುವ ಸರಿಯುತ್ತದೆ. ದಕ್ಷಿಣ ಕೊರಿಯಾದ ಕಿ-ವಿಯೋನ್ ಸಿಯೊ ತಂಡ 2023ರಲ್ಲಿ ತೋರಿಸಿದ್ದು ಇದನ್ನು: 1993ರಿಂದ 2010ರವರೆಗೆ ಮನುಷ್ಯ ಎತ್ತಿದ ಸುಮಾರು 2,15,000 ಕೋಟಿ ಟನ್ ಅಂತರ್ಜಲದಿಂದ ಧ್ರುವ ಸುಮಾರು 80 ಸೆಂಟಿಮೀಟರ್ ಪೂರ್ವಕ್ಕೆ ಸರಿಯಿತು. ಧ್ರುವದ ನಿಜವಾದ ನಡೆಗೆ ಲೆಕ್ಕ ಹೊಂದುತ್ತಿರಲಿಲ್ಲ. ಅಂತರ್ಜಲವನ್ನು ಸೇರಿಸಿದ ಮೇಲೆ ಹೊಂದಿತು. ಆ ನೀರಿನಲ್ಲಿ ದೊಡ್ಡ ಪಾಲು ಎರಡು ಕಡೆಯದು, ಅಮೆರಿಕದ ಪಶ್ಚಿಮ ಮತ್ತು ನಮ್ಮ ದೇಶದ ವಾಯವ್ಯ. ರಾಜಸ್ಥಾನ, ಪಂಜಾಬ, ಹರಿಯಾಣಗಳು 2002ರಿಂದ 2008ರೊಳಗೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡವು ಎಂದು ಗ್ರೇಸ್ ಉಪಗ್ರಹಗಳು ಆಕಾಶದಿಂದ ತೂಗಿ ಹೇಳಿದ್ದವು. ಎಪ್ಪತ್ತೈದು ಹಿಡಕಲ್ ಅದು.

ಹುಕ್ಕೇರಿ ತಾಲ್ಲೂಕಿನ ಮಟ್ಟಿಗೆ ಇದನ್ನು ಇಳಿಸಿ ನೋಡಿ. ಜಲಾಶಯ ತುಂಬಿದಾಗ ಉತ್ತರ ಧ್ರುವ ನಮ್ಮಿಂದ ದೂರ ಹೋಗುತ್ತದೆ. ಅದೇ ತಾಲ್ಲೂಕಿನಲ್ಲಿ ಕಾಲುವೆ ಮುಟ್ಟದ ಹೊಲಗಳ ಬೋರು ಹೊಡೆದಾಗ ನಮ್ಮ ಕಡೆಗೆ ಬರುತ್ತದೆ. ಜಲಾಶಯದ್ದು ವರ್ಷಕ್ಕೊಮ್ಮೆ ಹೋಗಿ ಬರುವ ಚಲನೆ; ಜೂನ್ ಹೊತ್ತಿಗೆ ನೀರು ತಳ ಕಂಡರೆ ಧ್ರುವವೂ ಬಹುಪಾಲು ವಾಪಸು. ಬೋರಿನದು ಹಾಗಲ್ಲ. ಮಳೆ ಮರುಪೂರಣ ಮಾಡದಷ್ಟು ಆಳದ ನೀರು ಹೋದರೆ ಆ ಸರಿತವೂ ಉಳಿಯುತ್ತದೆ. ಆದ್ದರಿಂದ ಭೂಮಿಯನ್ನು ವಾಲಿಸುವವರು ಯಾರು ಎಂದು ಕೇಳುವ ಹುಡುಗರಿಗೆ ನಾನು ಡ್ಯಾಮನ್ನು ತೋರಿಸುವುದಕ್ಕಿಂತ ಮೊದಲು ಪಂಪಿನ ಸ್ಟಾರ್ಟರನ್ನು ತೋರಿಸುತ್ತೇನೆ.

ಮತ್ತೆ ಕಕ್ಷೆಗೆ ಬರೋಣ. ಅಲ್ಲಿ ನಮ್ಮ ಕೈವಾಡವಿಲ್ಲದೆ ನಡೆಯುವ ಬದಲಾವಣೆ ನಾವು ಮಾಡಿದ್ದಕ್ಕಿಂತ ದೊಡ್ಡದು. ಸೂರ್ಯ ಉರಿದು ಹಗುರಾಗುತ್ತಿರುವುದರಿಂದ ಭೂಮಿಯ ಕಕ್ಷೆ ವರ್ಷಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್ ಹಿಗ್ಗುತ್ತಿದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಿದ್ದಾನೆ. 2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ನಮ್ಮ ನೆಲದಿಂದ ಸುಮಾರು 32,000 ಕಿಲೋಮೀಟರ್ ಮೇಲೆ ಹಾಯ್ದು ಹೋಗುತ್ತದೆ. ಬಡಿಯುವುದಿಲ್ಲ. ಆದರೆ ಭೂಮಿ ಅದರ ಕಕ್ಷೆಯನ್ನು ಅಗಲ ಮಾಡಿ ಕಳಿಸುತ್ತದೆ, ಪ್ರತಿಯಾಗಿ ಅದೂ ಭೂಮಿಯನ್ನು ಅಷ್ಟೇ ಬಲದಿಂದ ಎಳೆಯುತ್ತದೆ.

ಹೀಗೆ ಪಕ್ಕದಲ್ಲಿ ಹಾಯುವ ಬಂಡೆಯ ಎಳೆತವನ್ನೇ ತಂತ್ರವಾಗಿ ಹಿಡಿದು, ಭೂಮಿಯನ್ನು ನಿಜವಾಗಿ ಸರಿಸುವ ಯೋಜನೆಯೊಂದನ್ನು ಕೋರಿಕಾನ್ಸ್ಕಿ, ಲಾಫ್ಲಿನ್, ಆಡಮ್ಸ್ ಎಂಬ ಮೂವರು 2001ರಲ್ಲಿ ಬರೆದರು. ಸುಮಾರು ನೂರು ಕೋಟಿ ವರ್ಷಕ್ಕೆ ಸೂರ್ಯ ಶೇಕಡಾ ಹತ್ತರಷ್ಟು ಹೆಚ್ಚು ಪ್ರಖರನಾಗಿ ಭೂಮಿ ವಾಸಕ್ಕೆ ಬಾರದಂತಾಗುತ್ತದೆ. ಆಗ ಏನು ಮಾಡುವುದು ಎಂಬುದು ಅವರ ಚಿಂತೆ. ನೂರು ಕಿಲೋಮೀಟರ್ ಅಗಲದ ಒಂದು ಹಿಮಬಂಡೆಯನ್ನು ಸೌರವ್ಯೂಹದ ಅಂಚಿನಿಂದ ತಂದು, ಭೂಮಿಯ ಪಕ್ಕದಲ್ಲಿ ಹಾಯಿಸಿ ಭೂಮಿಗೆ ಸ್ವಲ್ಪ ವೇಗ ಕೊಡಿಸಬೇಕು, ಆಮೇಲೆ ಗುರುವಿನ ಹತ್ತಿರ ಹಾಯಿಸಿ ಕಳೆದ ವೇಗ ತುಂಬಿಸಿಕೊಂಡು ಮತ್ತೆ ಕರೆತರಬೇಕು. ಸರಾಸರಿ ಆರು ಸಾವಿರ ವರ್ಷಕ್ಕೊಂದು ಸಲ, ಒಟ್ಟು ಹತ್ತು ಲಕ್ಷ ಸಲ. ಗಣಿತದಲ್ಲಿ ತಪ್ಪಿಲ್ಲ, ಮತ್ತು ಇದು ಟ್ರಾಲಿಯ ಹೊರಗಿನಿಂದ ಎಳೆಯುವ ವಿಧಾನವಾದ್ದರಿಂದ ನ್ಯೂಟನ್‌ನ ಅಡ್ಡಿಯೂ ಇಲ್ಲ. ಎರಡು ತೊಡಕುಗಳನ್ನು ಅವರೇ ಬರೆದಿದ್ದಾರೆ. ಈ ಓಡಾಟದಲ್ಲಿ ಚಂದ್ರ ನಮ್ಮ ಕೈತಪ್ಪಿ ಹೋಗುವ ಸಂಭವ ಹೆಚ್ಚು. ಹತ್ತು ಲಕ್ಷ ಸಲದಲ್ಲಿ ಒಂದು ಸಲ ಗುರಿ ತಪ್ಪಿ ಬಂಡೆ ಭೂಮಿಗೇ ಬಡಿದರೆ, ಆಮೇಲೆ ಉಳಿಯುವುದು ಹೆಚ್ಚೆಂದರೆ ಬ್ಯಾಕ್ಟೀರಿಯಾ.